ಗಾಲಿಕುರ್ಚಿ ಚಿತ್ರದ ಸ್ಕೂಟರ್, ಮೂರು ತಪಾಸಣೆ: ಮಂಗಳೂರಿನ ಒಂದು ಪ್ರಕರಣ

2024ರ ಜುಲೈ ತಿಂಗಳ ಒಂದು ಬೆಳಿಗ್ಗೆ. ಹತ್ತು ಗಂಟೆ ದಾಟಿರಬಹುದು. ಟೈಲರಕ್ಕನ ಫೋನ್ ಬಂತು. ಹಿಂದೆ ಬಸ್ಸಿನ ಹಾರ್ನ್, ಜೋರು ಮಳೆ. "ನೀವು ಒಮ್ಮೆ ಬರ್ತೀರಾ? ಪೊಲೀಸರು ನಿಲ್ಲಿಸಿದ್ದಾರೆ. ಗಾಡಿ ಸೀಜ್ ಮಾಡ್ತೇವೆ ಅಂತಿದ್ದಾರೆ," ಅಂದರು. ಅಷ್ಟು ಹೇಳಿ ಇಟ್ಟುಬಿಟ್ಟರು. ಅಳು ತಡೆದುಕೊಂಡ ದನಿ ಅದು. ಎಂಟು ವರ್ಷದ ಪರಿಚಯದಲ್ಲಿ ಅವರ ಬಾಯಿಂದ ಆ ದನಿ ನಾನು ಕೇಳಿರಲಿಲ್ಲ.

ನಾನು ಮುಟ್ಟುವಾಗ ಇಪ್ಪತ್ತೈದು ನಿಮಿಷ ಆಗಿತ್ತು. ಅವರು ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡು ರಸ್ತೆಯ ಅಂಚಿನಲ್ಲಿ ನಿಂತಿದ್ದರು. ರೈನ್‌ಕೋಟ್ ಇತ್ತು, ಆದರೂ ಮೊಣಕಾಲಿನಿಂದ ಕೆಳಗೆ ಪೂರ್ತಿ ಒದ್ದೆ. ಸ್ಕೂಟರಿನ ಎಡಗಡೆಯ ಪಕ್ಕದ ಚಕ್ರ ಕಾಂಕ್ರೀಟ್ ಬಿಟ್ಟು ಕೆಳಗಿನ ಮಣ್ಣಿಗೆ ಇಳಿದಿತ್ತು. ಇಡೀ ಗಾಡಿ ಆ ಕಡೆ ವಾಲಿತ್ತು. ನಾಲ್ಕೈದು ಜನ ಅಂಗಡಿಯ ಮಾಡಿನ ಕೆಳಗೆ ನಿಂತು ನೋಡುತ್ತಿದ್ದರು.

ಅಂಗವಿಕಲರ ಕಾಗದಪತ್ರದ ಕೆಲಸಕ್ಕೆ ನಾನು ಸುಮಾರು ವರ್ಷಗಳಿಂದ ಓಡಾಡುತ್ತಿದ್ದೇನೆ. ಸರ್ಟಿಫಿಕೇಟ್, ಪೆನ್ಶನ್, ಬಸ್ ಪಾಸ್, ಲೈಸೆನ್ಸ್, ಹೀಗೆ. ಈ ಪ್ರಕರಣವನ್ನು ಬರೆಯಬಹುದಾ ಅಂತ ಅವರನ್ನೇ ಕೇಳಿದೆ. "ಹೆಸರು ಬೇಡ, ಜಂಕ್ಷನ್ ಯಾವುದು ಅಂತಲೂ ಬೇಡ, ಉಳಿದದ್ದು ಬರೆಯಿರಿ," ಅಂದರು. ಹಾಗಾಗಿ ಇಲ್ಲಿ ಅವರು ಟೈಲರಕ್ಕ. ಅವರ ಗಿರಾಕಿಗಳೂ ಹಾಗೆಯೇ ಕರೆಯುವುದು.

ಗಾಡಿ ಮತ್ತು ಗಾಡಿಯವರು

ಟೈಲರಕ್ಕ ಹುಟ್ಟಿದ್ದು 1980ರಲ್ಲಿ. ಎರಡು ವರ್ಷ ತುಂಬುವ ಮೊದಲೇ ಪೋಲಿಯೊ. ಎಡಗಾಲಿನಲ್ಲಿ ಬಲ ಇಲ್ಲ. ಸರ್ಟಿಫಿಕೇಟಿನಲ್ಲಿ 60 ಪರ್ಸೆಂಟ್ ಅಂತ ಉಂಟು. ಯುಡಿಐಡಿ, ಅಂದರೆ ಸರಕಾರ ಕೊಡುವ ಅಂಗವಿಕಲರ ಗುರುತಿನ ಕಾರ್ಡಿನಲ್ಲಿ ಹಳದಿ ಪಟ್ಟಿ. 40ರಿಂದ 80 ಪರ್ಸೆಂಟಿನ ಒಳಗಿನವರಿಗೆ ಹಳದಿ, 80 ಮತ್ತು ಅದಕ್ಕಿಂತ ಜಾಸ್ತಿ ಇದ್ದವರಿಗೆ ನೀಲಿ, 40ಕ್ಕಿಂತ ಕಡಿಮೆಯವರಿಗೆ ಬಿಳಿ.

ಅವರು ಕ್ಯಾಲಿಪರ್ ಹಾಕುತ್ತಾರೆ. ಇದನ್ನು ಹತ್ತಿರದಿಂದ ನೋಡದವರಿಗೆ ಸ್ವಲ್ಪ ವಿವರಿಸಬೇಕು, ಯಾಕೆಂದರೆ ಆ ದಿನ ನಡೆದದ್ದಕ್ಕೂ ಇದಕ್ಕೂ ಸಂಬಂಧ ಉಂಟು. ಕಾಲಿನ ಎರಡೂ ಬದಿಗೆ ಕಬ್ಬಿಣದ ಸಪೂರ ಪಟ್ಟಿ, ತೊಡೆಗೆ ಮತ್ತು ಮೀನಖಂಡಕ್ಕೆ ಚರ್ಮದ ಬೆಲ್ಟು, ಕೆಳಗೆ ಶೂ. ಮೊಣಕಾಲಿನ ಹತ್ತಿರ ಪಟ್ಟಿಗೆ ಒಂದು ಉಂಗುರದಂಥ ಲಾಕ್. ನಿಂತು ಕಾಲನ್ನು ನೆಟ್ಟಗೆ ಮಾಡಿದರೆ ಉಂಗುರ ಕೆಳಗೆ ಜಾರಿ ಟಕ್ ಅಂತ ಕೂರುತ್ತದೆ. ಆಗ ಕಾಲು ಮಡಚುವುದಿಲ್ಲ, ಭಾರ ಹಾಕಿ ನಿಲ್ಲಬಹುದು. ಕೂರಬೇಕಾದರೆ ಕೈ ಹಾಕಿ ಆ ಉಂಗುರವನ್ನು ಮೇಲೆ ಎಳೆಯಬೇಕು. ಲಾಕ್ ಸರಿಯಾಗಿ ಬೀಳದೆ ಭಾರ ಹಾಕಿದರೆ ಮನುಷ್ಯ ನೇರ ನೆಲಕ್ಕೆ. ಟೈಲರಕ್ಕ ಸ್ಕೂಟರಿನಿಂದ ಇಳಿಯಲು ಎರಡು ಮೂರು ನಿಮಿಷ ಬೇಕು. ಮಳೆಯಲ್ಲಿ ಇನ್ನೂ ಜಾಸ್ತಿ. ಚೂಡಿದಾರದ ಪ್ಯಾಂಟಿನ ಒಳಗೆ ಕ್ಯಾಲಿಪರ್ ಇದ್ದರೆ, ಸೀಟಿನ ಮೇಲೆ ಕೂತವರನ್ನು ನೋಡಿ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಅವರ ಮನೆ ಕಾವೂರಿನ ಕಡೆ. ಹೊಲಿಗೆ ಅಂಗಡಿ ಉರ್ವದ ಹತ್ತಿರ. ಮೊದಲು ಸಿಟಿ ಬಸ್ಸಿನಲ್ಲೇ ಹೋಗಿ ಬರುತ್ತಿದ್ದರು. ನಮ್ಮ ಸಿಟಿ ಬಸ್ಸಿನ ಮೆಟ್ಟಿಲು ಎಷ್ಟು ಎತ್ತರ ಅಂತ ಗೊತ್ತಲ್ವಾ. ಒಂದು ಕಾಲು ಮೇಲಿಟ್ಟು ಇನ್ನೊಂದನ್ನು ಎಳೆದುಕೊಳ್ಳುವ ಮೊದಲೇ ಕಂಡಕ್ಟರ್ "ರೈಟ್ ಪೋಯಿ" ಅನ್ನುತ್ತಾನೆ. ಎರಡು ಸಲ ಬಿದ್ದಿದ್ದಾರೆ. ಎರಡನೆಯ ಸಲ ಮಣಿಕಟ್ಟು ಮುರಿಯಿತು. ಹೊಲಿಯುವವರಿಗೆ ಕೈ ಹೋದರೆ ಎಂತ ಉಳಿಯುತ್ತದೆ? ಹಾಗಾಗಿ 2016ರಲ್ಲಿ ಸಂಘದಲ್ಲಿ ಸಾಲ ತೆಗೆದು ಗೇರ್ ಇಲ್ಲದ ಒಂದು ಸ್ಕೂಟರ್ ತಗೊಂಡರು. ಅದೇ ತಿಂಗಳು ಗ್ಯಾರೇಜಿನಲ್ಲಿ ಹಿಂದಿನ ಚಕ್ರದ ಎರಡೂ ಬದಿಗೆ ಸೈಡ್ ವೀಲ್ ಹಾಕಿಸಿದರು. ಆಗಲೇ ಹದಿನೈದು ಸಾವಿರದ ಹತ್ತಿರ ಖರ್ಚಾಗಿತ್ತು. ಗ್ಯಾರೇಜಿನವನು ಒಳ್ಳೆಯ ಕೆಲಸ ಮಾಡಿದ್ದ, ಎಂಟು ವರ್ಷ ಒಂದು ಬೋಲ್ಟ್ ಸಡಿಲ ಆಗಲಿಲ್ಲ. ಆದರೆ ಆರ್‌ಟಿಒಗೆ ಹೋಗಿ ಆರ್‌ಸಿಯಲ್ಲಿ ಬರೆಸಬೇಕು ಅಂತ ಅವನೂ ಹೇಳಲಿಲ್ಲ. ಲೈಸೆನ್ಸ್ ಮಾಡಿಸಿಕೊಟ್ಟ ಬ್ರೋಕರ್ ಕೂಡ ಹೇಳಲಿಲ್ಲ. ನಾನೂ ಹೇಳಲಿಲ್ಲ. ಆ ಕಾಲಕ್ಕೆ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಇದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಮೊದಲ ಎರಡು ತಪಾಸಣೆ

ಜುಲೈಯಲ್ಲಿ ನಡೆದದ್ದು ಮೂರನೆಯದು. ಮೊದಲಿನ ಎರಡನ್ನು ಬಿಟ್ಟು ಅದನ್ನು ಹೇಳಿದರೆ ಅರ್ಧ ಕಥೆ ಮಾತ್ರ.

ಮೊದಲನೆಯದು ಮಾರ್ಚ್ ತಿಂಗಳಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಸ್ಕೂಟರಿಗೆ ಎಚ್‌ಎಸ್‌ಆರ್‌ಪಿ, ಅಂದರೆ ಹೊಸ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್, ಹಾಕಿಸಿದ್ದರು. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಗಾಡಿಗಳಿಗೂ ಈ ಪ್ಲೇಟ್ ಬೇಕು ಅಂತ ಕರ್ನಾಟಕದಲ್ಲಿ 2023ರಲ್ಲಿ ಆದೇಶ ಆಗಿತ್ತಲ್ಲ, ಆ ಗಡಿಬಿಡಿಯ ಸಮಯ. ಹಳೆಯ ಪ್ಲೇಟಿನಲ್ಲಿ ಗ್ಯಾರೇಜಿನ ಪೇಂಟರ್ ನಂಬರಿನ ಪಕ್ಕ ಗಾಲಿಕುರ್ಚಿಯ ಚಿತ್ರ ಬರೆದು "ಅಂಗವಿಕಲರ ವಾಹನ" ಅಂತ ಹಾಕಿದ್ದ. ಹೊಸ ಪ್ಲೇಟ್ ಬಂದಾಗ ಅದು ಹೋಯಿತು. ಹಿಂದಿನಿಂದ ಬರುವವರಿಗೆ ಗೊತ್ತಾಗಬೇಕಲ್ಲ ಅಂತ ಮಗ ಆಕ್ಸೆಸರೀಸ್ ಅಂಗಡಿಯಿಂದ ಸ್ಟಿಕರ್ ತಂದು ಹೊಸ ಪ್ಲೇಟಿನ ಎಡ ಮೂಲೆಗೆ ಅಂಟಿಸಿದ. ಕೆಳಗಿದ್ದ ಐಎನ್‌ಡಿ ಅಕ್ಷರಗಳು ಮುಚ್ಚಿಹೋದವು. ನಂಬರ್ ಪ್ಲೇಟಿನ ಮೇಲೆ ಯಾವ ಸ್ಟಿಕರೂ ಇರುವಂತಿಲ್ಲ. 500 ರೂಪಾಯಿ ಚಲನ್ ಬಿತ್ತು. ಕಟ್ಟಿದರು. ಸ್ಟಿಕರ್ ಕಿತ್ತು ಹಿಂದಿನ ಮಡ್‌ಗಾರ್ಡಿಗೆ ಅಂಟಿಸಿದರು. ಇಲ್ಲಿ ತಪ್ಪು ಇವರದ್ದೇ, ಅದರಲ್ಲಿ ಅನುಮಾನ ಇಲ್ಲ.

ಎರಡನೆಯದು ಮೇ ತಿಂಗಳಲ್ಲಿ. ಆ ದಿನ ಗಾಡಿಯಲ್ಲಿ ಟೈಲರಕ್ಕ ಇರಲೇ ಇಲ್ಲ. ಅವರ ಮಗ, 19 ವರ್ಷದ ಹುಡುಗ, ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಪಣಂಬೂರು ಬೀಚಿಗೆ ಹೊರಟಿದ್ದ. ಎರಡು ಗಟ್ಟಿ ಕಾಲಿನ ಹುಡುಗರು, ಹಿಂದೆ ಗಾಲಿಕುರ್ಚಿಯ ಸ್ಟಿಕರ್. ಪೊಲೀಸರು ನಿಲ್ಲಿಸಿ ಬೈದು ಕಳುಹಿಸಿದರು. ಹುಡುಗ ಮನೆಯಲ್ಲಿ ಹೇಳಲಿಲ್ಲ. ಅಮ್ಮನಿಗೆ ಬೇಸರ ಆಗುತ್ತದೆ ಅಂತ ಮುಚ್ಚಿಟ್ಟ. ನಮಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ, ಠಾಣೆಯಲ್ಲಿ.

ಮೂರನೆಯದು

ಮೇ ತಿಂಗಳಲ್ಲಿ ಮಗನನ್ನು ನಿಲ್ಲಿಸಿದ ಅದೇ ಜಂಕ್ಷನ್, ಅದೇ ಕಾನ್‌ಸ್ಟೆಬಲ್. ಇಪ್ಪತ್ತೈದು ಇಪ್ಪತ್ತಾರು ವರ್ಷದವರು, ಬಾಗಲಕೋಟೆ ಕಡೆಯವರು. ಗಾಡಿ ಕಂಡ ಕೂಡಲೇ ಅವರಿಗೆ ನೆನಪಾಗಿದೆ. ಕೈ ತೋರಿಸಿ "ಸೈಡಿಗೆ ತಗೋರಿ" ಅಂದರು.

ಸೈಡ್ ವೀಲ್ ಇರುವ ಸ್ಕೂಟರಿಗೆ "ಸೈಡಿಗೆ ತಗೊಳ್ಳಿ" ಅನ್ನುವುದು ಅಷ್ಟು ಸಣ್ಣ ಮಾತಲ್ಲ. ಮಂಗಳೂರಿನ ಕಾಂಕ್ರೀಟ್ ರಸ್ತೆಗಳ ಅಂಚು ಎಷ್ಟೋ ಕಡೆ ಪಕ್ಕದ ಮಣ್ಣಿಗಿಂತ ಅರ್ಧ ಅಡಿ ಮೇಲೆ ಇದೆ. ಸಾಮಾನ್ಯ ಸ್ಕೂಟರಿನವರು ಅಂಚಿನವರೆಗೆ ಬಂದು ಒಂದು ಕಾಲು ಊರಿ ನಿಲ್ಲುತ್ತಾರೆ. ಪಕ್ಕದ ಚಕ್ರದವರಿಗೆ ಗಾಡಿಯ ಅಗಲ ಜಾಸ್ತಿ, ಕಾಲು ಊರಲು ಆಗುವುದಿಲ್ಲ. ಒಂದು ಚಕ್ರ ಕೆಳಗಿಳಿದರೆ ಗಾಡಿ ವಾಲುತ್ತದೆ. ಹಿಂದಕ್ಕೆ ತೆಗೆಯಬೇಕೆಂದರೆ ಇನ್ನೊಬ್ಬರು ಎಳೆಯಬೇಕು. ಟೈಲರಕ್ಕ ಹೆದರಿ ಸ್ವಲ್ಪ ಜಾಸ್ತಿಯೇ ಎಡಕ್ಕೆ ಹೋದರು. ಚಕ್ರ ಇಳಿಯಿತು.

"ಕಾಗದ ತೋರಸ್ರಿ."

"ಸರ್, ಸೀಟಿನ ಅಡಿಯಲ್ಲಿ ಉಂಟು."

"ಹಂಗಾರ ತಗೀರಿ."

ಇಡೀ ಪ್ರಕರಣ ಕೆಟ್ಟದ್ದು ಈ ಮೂರು ಮಾತಿನಲ್ಲಿ. ಸೀಟಿನ ಅಡಿಯಿಂದ ಕಾಗದ ತೆಗೆಯಬೇಕಾದರೆ ಸೀಟಿನಿಂದ ಇಳಿಯಬೇಕು. ಇಳಿಯಬೇಕಾದರೆ ಲಾಕ್ ಬೀಳಬೇಕು, ಲಾಕ್ ಬೀಳಬೇಕಾದರೆ ಕಾಲು ನೆಟ್ಟಗಾಗಬೇಕು. ಗಾಡಿ ವಾಲಿದೆ, ನೆಲ ಕೆಸರು. ಟೈಲರಕ್ಕ ಸುಮ್ಮನೆ ಕೂತರು. ಕಾನ್‌ಸ್ಟೆಬಲ್‌ಗೆ ಇವರು ಬೇಕೆಂದೇ ಕೂತಿದ್ದಾರೆ ಅಂತ ಅನಿಸಿತು. ದನಿ ಏರಿತು. ಇವರು ಹೇಗೋ ಹ್ಯಾಂಡಲ್ ಹಿಡಿದು ಇಳಿದರು. ಆರ್‌ಸಿ ಕೊಟ್ಟರು. ಅದರಲ್ಲಿ ಸೈಡ್ ವೀಲಿನ ಸುದ್ದಿಯೇ ಇಲ್ಲ. ಲೈಸೆನ್ಸಿನಲ್ಲಿ ಗೇರ್ ಇಲ್ಲದ ಮೋಟಾರ್‌ಸೈಕಲ್ ಅಂತ ಮಾತ್ರ.

"ಕಾಲಿಗೆ ಏನಾಗೇತ್ರಿ ನಿಮಗ? ನಿಂತೀರಲ್ಲ ಚೊಲೊ. ನೋಡಿದ್ರ ಹಂಗ ಕಾಣಂಗಿಲ್ಲ."

ಟೈಲರಕ್ಕ ಕ್ಯಾಲಿಪರ್ ಉಂಟು ಅಂದರು. ಕಾನ್‌ಸ್ಟೆಬಲ್‌ಗೆ ಆ ಶಬ್ದ ಅರ್ಥ ಆಗಲಿಲ್ಲ. "ತೋರಸ್ರಿ ನೋಡೂಣು," ಅಂದರು.

ಟೈಲರಕ್ಕ ತೋರಿಸಿದರು. ಮಳೆಯಲ್ಲಿ, ರಸ್ತೆಯ ಅಂಚಿನಲ್ಲಿ, ಅಂಗಡಿಯ ಮಾಡಿನ ಕೆಳಗೆ ನಿಂತವರ ಎದುರು, ಪ್ಯಾಂಟಿನ ಅಂಚನ್ನು ಮೊಣಕಾಲಿನವರೆಗೆ ಎತ್ತಿ ತೋರಿಸಿದರು. ಅವರ ಗಂಡನ ಮನೆಯ ಹೆಂಗಸರು ಕೂಡ ಆ ಕಾಲನ್ನು ಸರಿಯಾಗಿ ನೋಡಿದ್ದಿಲ್ಲ.

ಇದನ್ನು ಬರೆಯುವಾಗ ಈಗಲೂ ನನ್ನ ಕೈ ಬಿಗಿಯುತ್ತದೆ. ಆ ಹುಡುಗ ಕೆಟ್ಟವರಲ್ಲ. ಕಾಲು ಕಂಡ ಮೇಲೆ ಅವರೇ ಮುಖ ಆ ಕಡೆ ತಿರುಗಿಸಿದರಂತೆ. ಒಂದು ವಿಷಯ ಯೋಚಿಸಿ. ನಮ್ಮ ದೇಶದಲ್ಲಿ ಕೊನೆಯ ಪೋಲಿಯೊ ಪ್ರಕರಣ ಬಂದದ್ದು 2011ರ ಜನವರಿಯಲ್ಲಿ, ಹೌರಾದಲ್ಲಿ. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊ ಮುಕ್ತ ಅಂತ ಘೋಷಣೆ ಆಯಿತು. ಈಗ ಕೆಲಸಕ್ಕೆ ಸೇರಿದ ಹುಡುಗರು ಪಲ್ಸ್ ಪೋಲಿಯೊ ಹನಿ ಕುಡಿದು ಬೆಳೆದವರು. ಅವರ ಶಾಲೆಯಲ್ಲಿ ಕ್ಯಾಲಿಪರ್ ಹಾಕಿದ ಮಕ್ಕಳು ಇರಲಿಲ್ಲ. ನನ್ನ ಕ್ಲಾಸಿನಲ್ಲಿ ಇಬ್ಬರಿದ್ದರು. ಕಾಯಿಲೆ ಹೋಯಿತು, ಕಾಯಿಲೆ ಆದವರು ನಲವತ್ತು ಐವತ್ತರ ವಯಸ್ಸಿನಲ್ಲಿ ನಮ್ಮ ಮಧ್ಯೆಯೇ ಗಾಡಿ ಓಡಿಸುತ್ತಿದ್ದಾರೆ. ಅವರನ್ನು ನೋಡಿ ಗುರುತಿಸುವ ಕಣ್ಣು ಕಡಿಮೆಯಾಗುತ್ತಿದೆ.

ಆದರೂ ಗೊತ್ತಿಲ್ಲದಿರುವುದು ಬೇರೆ, ಕಾಲು ತೋರಿಸಿ ಅನ್ನುವುದು ಬೇರೆ. ಮೋಟಾರು ವಾಹನ ಕಾಯ್ದೆಯ 130ನೇ ಕಲಂ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸರು ಲೈಸೆನ್ಸ್ ಕೇಳಬಹುದು, ಉಳಿದ ಕಾಗದವನ್ನೂ ಕೇಳಬಹುದು. ಕೊಡಬೇಕು. ಮೈ ತೋರಿಸಿ ಅನ್ನುವ ಅಧಿಕಾರ ಅದರಲ್ಲಿಲ್ಲ. ನಿಮಗೆ ಅನುಮಾನ ಇದ್ದರೆ ಯುಡಿಐಡಿ ಕಾರ್ಡ್ ಕೇಳಿ. ಡಾಕ್ಟರು ನೋಡಿ, ಅಳೆದು, ಸಹಿ ಹಾಕಿ ಕೊಟ್ಟದ್ದು ಅದಕ್ಕೇ ಅಲ್ವಾ.

ನಾನು ಹೋದ ಮೇಲೆ ಜಾಸ್ತಿ ಮಾತು ನಡೆಯಲಿಲ್ಲ. ಇಬ್ಬರು ಸೇರಿ ಗಾಡಿಯನ್ನು ಮೇಲೆ ಎತ್ತಿದೆವು. ಒಬ್ಬರು ನಾನು, ಇನ್ನೊಬ್ಬರು ಅದೇ ಕಾನ್‌ಸ್ಟೆಬಲ್. ಕಾಗದದ ಫೋಟೊ ತೆಗೆದುಕೊಂಡು, ನಾಳೆ ಠಾಣೆಗೆ ಬನ್ನಿ ಅಂದರು.

ಠಾಣೆಯಲ್ಲಿ ತಿಳಿದದ್ದು

ಮರುದಿನ ನಾನು ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಎಸ್‌ಐ ನಮ್ಮನ್ನು ಕೂರಿಸಿದರು, ಮಾತು ಪೂರ್ತಿ ಕೇಳಿದರು. ಆಮೇಲೆ ಆರ್‌ಸಿಯನ್ನು ಮೇಜಿನ ಮೇಲೆ ಇಟ್ಟು, "ಅಕ್ಕ, ನಿನ್ನೆ ನಡೆದದ್ದಕ್ಕೆ ನನಗೂ ಬೇಸರ ಉಂಟು. ಆದರೆ ಇದನ್ನು ನೋಡಿ. ನಾಳೆ ನೀವು ಯಾರಿಗಾದರೂ ಗುದ್ದಿದರೆ, ಯಾರಾದರೂ ನಿಮಗೆ ಗುದ್ದಿದರೆ, ಇನ್ಶೂರೆನ್ಸಿನವರು ಮೊದಲು ಕೇಳುವುದು ಈ ಚಕ್ರ ಎಲ್ಲಿಂದ ಬಂತು ಅಂತ," ಅಂದರು. ಮೇ ತಿಂಗಳಲ್ಲಿ ಮಗ ಸಿಕ್ಕಿಬಿದ್ದದ್ದನ್ನೂ ಅವರೇ ಹೇಳಿದರು. ಟೈಲರಕ್ಕ ತಲೆ ತಗ್ಗಿಸಿ ಕೂತರು.

ಆ ರಾತ್ರಿ ನಾನು ಕಾಯ್ದೆ ತೆಗೆದು ಓದಿದೆ. ಓದಿದಷ್ಟೂ ಎಸ್‌ಐ ಹೇಳಿದ್ದು ಸರಿ ಅನಿಸಿತು.

1988ರ ಕಾಯ್ದೆಯಲ್ಲಿ ಅಂಗವಿಕಲರ ಗಾಡಿಗೆ ಇದ್ದ ಹೆಸರು ಇನ್‌ವ್ಯಾಲಿಡ್ ಕ್ಯಾರೇಜ್. ಅದರ ಅರ್ಥ ಹೇಳುವಾಗ, ಅಂಗವಿಕಲರಿಗಾಗಿಯೇ ವಿಶೇಷವಾಗಿ ತಯಾರಿಸಿದ ಗಾಡಿ, ಬರೀ ಮಾರ್ಪಡಿಸಿದ್ದು ಸಾಲದು ಅಂತ ಸ್ಪಷ್ಟವಾಗಿ ಇತ್ತು. ಅಂದರೆ 2016ರಲ್ಲಿ ಟೈಲರಕ್ಕ ಮಾಡಿಸಿದಂಥ, ಕಂಪನಿಯ ಸ್ಕೂಟರಿಗೆ ಗ್ಯಾರೇಜಿನಲ್ಲಿ ಚಕ್ರ ಹಾಕಿಸಿದ ಗಾಡಿ ಆ ಅರ್ಥದ ಒಳಗೇ ಬರುತ್ತಿರಲಿಲ್ಲ. ಇದ್ದ ಅಂಗವಿಕಲರಲ್ಲಿ ಎಷ್ಟು ಜನ ವಿಶೇಷವಾಗಿ ತಯಾರಿಸಿದ ಗಾಡಿ ಕೊಳ್ಳುವ ಸ್ಥಿತಿಯಲ್ಲಿದ್ದರು?

2019ರ ತಿದ್ದುಪಡಿಯಲ್ಲಿ ಆ ಹೆಸರು ಹೋಯಿತು. ಅಡಾಪ್ಟೆಡ್ ವೆಹಿಕಲ್ ಅಂತ ಬಂತು. ವಿಶೇಷವಾಗಿ ತಯಾರಿಸಿದ್ದೂ ಸೈ, ಇದ್ದ ಗಾಡಿಯನ್ನು ಮಾರ್ಪಡಿಸಿದ್ದೂ ಸೈ. 52ನೇ ಕಲಮಿನಲ್ಲಿ ಇನ್ನೊಂದು ಒಳ್ಳೆಯ ಮಾತು ಸೇರಿತು. ಅಂಗವಿಕಲರ ಬಳಕೆಗಾಗಿ ಗಾಡಿಯನ್ನು ಮೊದಲು ಮಾರ್ಪಡಿಸಿ, ಆಮೇಲೆ ನೋಂದಣಿ ಅಧಿಕಾರಿಯ ಒಪ್ಪಿಗೆ ಪಡೆಯಬಹುದು. ಬೇರೆ ಮಾರ್ಪಾಡಿಗೆ ಈ ರಿಯಾಯಿತಿ ಇಲ್ಲ. ಆದರೆ ಒಪ್ಪಿಗೆ ಪಡೆಯಲೇಬೇಕು. ಪಡೆಯದಿದ್ದರೆ ಅದು ಸುಮ್ನೆ ಅನಧಿಕೃತ ಮಾರ್ಪಾಡು. ಅದಕ್ಕೆ 182ಎ ಕಲಮಿನಲ್ಲಿ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸೈಲೆನ್ಸರ್ ಬದಲಿಸಿ ಊರೆಲ್ಲ ಸದ್ದು ಮಾಡುವವರಿಗೂ ಇದೇ ಕಲಂ, ಟೈಲರಕ್ಕನಿಗೂ ಇದೇ ಕಲಂ. ಎಸ್‌ಐ ಅದನ್ನು ಹಾಕಲಿಲ್ಲ. ಸರಿ ಮಾಡಿಸಿ ತನ್ನಿ ಅಂತ ಸಮಯ ಕೊಟ್ಟರು.

ಅಡಾಪ್ಟೆಡ್ ವೆಹಿಕಲ್ ಅಂದರೆ ಏನು ಅನ್ನುವ ಅದೇ ಅರ್ಥವಿವರಣೆಯಲ್ಲಿ ಇನ್ನೊಂದು ಮಾತೂ ಉಂಟು. ಆ ಗಾಡಿ ಅಂಗವಿಕಲ ವ್ಯಕ್ತಿ ಓಡಿಸಲು ಅಥವಾ ಅವರಿಗಾಗಿ ಮಾತ್ರ ಬಳಕೆಯಾಗಬೇಕು. ಮಗ ಅಮ್ಮನನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋದರೆ ಅದು ಅವರಿಗಾಗಿ. ಬೀಚಿಗೆ ಹೋದರೆ ಅಲ್ಲ.

ಇನ್ನು ಆ ಸ್ಟಿಕರ್. ಗಾಲಿಕುರ್ಚಿಯ ಆ ಚಿತ್ರವನ್ನು 1968ರಲ್ಲಿ ಬರೆದದ್ದು ಸುಸಾನೆ ಕೋಫೋಡ್ ಎಂಬ ಡೆನ್ಮಾರ್ಕಿನ ವಿದ್ಯಾರ್ಥಿನಿ. ಮೊದಲ ಚಿತ್ರದಲ್ಲಿ ಬರೀ ಕುರ್ಚಿ ಇತ್ತು, ತಲೆ ಆಮೇಲೆ ಸೇರಿದ್ದು. ಅಮೆರಿಕದ ರಾಜ್ಯಗಳಲ್ಲಿ ಈ ಚಿತ್ರ ಇರುವ ನಂಬರ್ ಪ್ಲೇಟನ್ನು ಸರಕಾರವೇ ಕೊಡುತ್ತದೆ, ಅರ್ಜಿ ಮತ್ತು ಡಾಕ್ಟರ ಸಹಿ ನೋಡಿ. ಬ್ರಿಟನ್ನಿನಲ್ಲಿ ಬ್ಲೂ ಬ್ಯಾಡ್ಜ್ ಅಂತ ಕೊಡುತ್ತಾರೆ. ಅದು ಗಾಡಿಗಲ್ಲ, ವ್ಯಕ್ತಿಗೆ. ಯಾವ ಕಾರಿನಲ್ಲಿ ಹೋದರೂ ಜೊತೆಗೆ ಒಯ್ಯಬಹುದು. ನಮ್ಮಲ್ಲಿ ಇಂಥ ಪ್ಲೇಟ್ ಇಲ್ಲ. ಸ್ಟಿಕರನ್ನು ಯಾರು ಬೇಕಾದರೂ ಅಂಗಡಿಯಲ್ಲಿ ಕೊಳ್ಳಬಹುದು, ಪಾರ್ಕಿಂಗ್ ಸಿಗಲಿ ಅಂತ ಅಂಟಿಸಿಕೊಂಡವರನ್ನು ನಾನೇ ಕಂಡಿದ್ದೇನೆ. ಹಾಗಾಗಿ ಪೊಲೀಸರಿಗೆ ಅದು ಸಾಕ್ಷಿಯಾಗಿ ಕಾಣುವುದಿಲ್ಲ, ಅನುಮಾನಕ್ಕೆ ಕಾರಣವಾಗಿ ಕಾಣುತ್ತದೆ. ಟೈಲರಕ್ಕ ಎಂಟು ವರ್ಷ ಆ ಚಿತ್ರ ತನ್ನನ್ನು ಕಾಯುತ್ತದೆ ಅಂತ ನಂಬಿದ್ದರು. ಅವರಿಗೆ ಅದು ಏನೂ ಅಲ್ಲ ಅಂತ ಹೇಳುವುದು ನನಗೆ ಬಹಳ ಕಷ್ಟ ಆಯಿತು.

ಸರಿಪಡಿಸಿದ್ದು

ಆಗಸ್ಟಿನಲ್ಲಿ ಶುರು ಮಾಡಿದ್ದು ಡಿಸೆಂಬರಿನಲ್ಲಿ ಮುಗಿಯಿತು. ಎಲ್ಲ ಓಡಾಟವನ್ನೂ ಇಲ್ಲಿ ಹೇಳುವುದಿಲ್ಲ. ಆರ್‌ಟಿಒ ಕೆಲಸ ಹೇಗೆ ಅಂತ ಎಲ್ಲರಿಗೂ ಗೊತ್ತು. ಗ್ಯಾರೇಜಿನ ಹಳೆಯ ಬಿಲ್ ಸಿಗಲಿಲ್ಲ. ಆ ಗ್ಯಾರೇಜಿನವನೇ ಹೊಸದಾಗಿ ಬರೆದು, ಸಹಿ ಹಾಕಿ ಕೊಟ್ಟ, ನಮ್ಮ ಜೊತೆ ಆರ್‌ಟಿಒ ಗಾಡಿ ನೋಡುವ ಮೈದಾನಕ್ಕೂ ಬಂದ.

ಆ ದಿನ ಬ್ರೇಕ್ ಇನ್‌ಸ್ಪೆಕ್ಟರ್ ಗಾಡಿಯನ್ನು ಸುತ್ತ ಹಾಕಿ ನೋಡಿದರು. ಮೊಣಕಾಲೂರಿ ಕೂತು ಸೈಡ್ ವೀಲಿನ ಕಬ್ಬಿಣದ ಕಟ್ಟನ್ನು ಕೈಯಿಂದ ಅಲುಗಾಡಿಸಿದರು. ಬ್ರೇಕ್ ಎರಡೂ ಕೈಯಲ್ಲೇ ಇದೆಯಾ ಅಂತ ಕೇಳಿದರು. ಆಮೇಲೆ ಓಡಿಸಿ ಅಂದರು. ಟೈಲರಕ್ಕ ಎಂಟರ ಆಕಾರದಲ್ಲಿ ತಿರುಗಿಸಿದರು. ಪಕ್ಕದ ಚಕ್ರದ ಗಾಡಿಯನ್ನು ತಿರುವಿನಲ್ಲಿ ವಾಲಿಸಲು ಆಗುವುದಿಲ್ಲ, ನಿಧಾನ ಮಾಡಿ ಹ್ಯಾಂಡಲಿನಿಂದಲೇ ತಿರುಗಿಸಬೇಕು. ಎಂಟು ವರ್ಷದ ಅಭ್ಯಾಸ. ಒಂದು ಸಲವೂ ನಿಲ್ಲಿಸಲಿಲ್ಲ. "ಒಳ್ಳೆ ಓಡಿಸ್ತೀರಿ ಅಮ್ಮ," ಅಂದರು ಅವರು. ನಾನು ನೋಡಿದ ಹಾಗೆ ಆ ವರ್ಷ ಟೈಲರಕ್ಕ ಮನಸ್ಸು ಬಿಚ್ಚಿ ನಕ್ಕದ್ದು ಆ ದಿನವೇ.

ಲೈಸೆನ್ಸಿಗೆ ಅಡಾಪ್ಟೆಡ್ ವೆಹಿಕಲ್ ಅನ್ನುವ ಹೊಸ ವರ್ಗ ಸೇರಿಸಬೇಕಾಯಿತು. ಅದಕ್ಕೆ ಮತ್ತೆ ಎಲ್‌ಎಲ್‌ಆರ್, 30 ದಿನ ಕಾಯುವುದು, ಡಾಕ್ಟರ ಬಳಿ ಫಾರಂ 1ಎ ಅನ್ನುವ ಮೆಡಿಕಲ್ ಸರ್ಟಿಫಿಕೇಟ್. ಇದನ್ನು ಓದುವ ಎಷ್ಟೋ ಅಂಗವಿಕಲರಿಗೆ ಲೈಸೆನ್ಸೇ ಸಿಗುವುದಿಲ್ಲ ಅಂತ ಯಾರೋ ಹೇಳಿ ಹೆದರಿಸಿರುತ್ತಾರೆ. ಕಾಯ್ದೆಯ 8ನೇ ಕಲಮಿನಲ್ಲೇ ದಾರಿ ಉಂಟು. ಅಂಥ ಗಾಡಿಯನ್ನು ಓಡಿಸಲು ವ್ಯಕ್ತಿ ಸಮರ್ಥ ಅಂತ ಅಧಿಕಾರಿಗೆ ಅನಿಸಿದರೆ ಅಂಗವೈಕಲ್ಯ ಅಡ್ಡಿ ಅಲ್ಲ.

ಇನ್ಶೂರೆನ್ಸಿನಲ್ಲಿ ನಮಗೆ ಒಂದು ಹೊಸ ವಿಷಯ ಗೊತ್ತಾಯಿತು. ಗಾಡಿಗಳ ಇನ್ಶೂರೆನ್ಸಿನ ದರ ಮತ್ತು ನಿಯಮಗಳ ಪುಸ್ತಕವಾದ ಮೋಟಾರು ಟ್ಯಾರಿಫಿನಲ್ಲಿ 12ನೇ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಸೇರಿಸುವ ಷರತ್ತು, ಅಂತ ಒಂದು ಉಂಟು. ಅಂಗವಿಕಲರಿಗಾಗಿ ಮಾರ್ಪಡಿಸಿದ ಗಾಡಿಗೆ, ಆರ್‌ಸಿಯಲ್ಲಿ ಅದು ದಾಖಲಾಗಿದ್ದರೆ, ಸ್ವಂತ ಗಾಡಿಯ ಹಾನಿಯ ಪ್ರೀಮಿಯಂನಲ್ಲಿ 50 ಪರ್ಸೆಂಟ್ ರಿಯಾಯಿತಿ. ಏಜೆಂಟಿಗೆ ಕೇಳಿದಾಗ ಅವರೂ ಆಗಲೇ ಪುಸ್ತಕ ತೆಗೆದು ನೋಡಿದ್ದು. ಎಂಟು ವರ್ಷ ಪೂರ್ತಿ ಪ್ರೀಮಿಯಂ ಕಟ್ಟಿ, ಕ್ಲೇಮ್ ಸಿಗುವ ಭರವಸೆಯೂ ಇಲ್ಲದ ಪಾಲಿಸಿ ಇಟ್ಟುಕೊಂಡಿದ್ದರು ಟೈಲರಕ್ಕ.

ಕಾಗದ ಇಡುವ ಜಾಗವನ್ನೂ ಬದಲಿಸಿದೆವು. ಟೈಲರಕ್ಕ ತಾವೇ ರೆಕ್ಸಿನ್ ತಂದು, ಹ್ಯಾಂಡಲಿನ ಕೆಳಗೆ ಮುಂದಿನ ಭಾಗಕ್ಕೆ ಕಟ್ಟುವ ಒಂದು ಚೀಲ ಹೊಲಿದರು. ಮಳೆ ನೀರು ಹೋಗದ ಹಾಗೆ ಮುಚ್ಚಳಕ್ಕೆ ಎರಡು ಪದರ. ಒಳಗೆ ಆರ್‌ಸಿ, ಲೈಸೆನ್ಸ್, ಇನ್ಶೂರೆನ್ಸ್, ಎಲ್ಲಕ್ಕಿಂತ ಮೇಲೆ ಯುಡಿಐಡಿ. ಕೂತಲ್ಲಿಂದಲೇ ಕೈಗೆ ಸಿಗುತ್ತದೆ. ಫೋನಿನ ಡಿಜಿಲಾಕರಿನಲ್ಲೂ ಇಟ್ಟಿದ್ದಾರೆ. ಅದೂ ನಡೆಯುತ್ತದೆ, 2018ರಿಂದ ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮದಲ್ಲೇ ಬಂದಿದೆ. ಮಳೆಗಾಲದಲ್ಲಿ ಒದ್ದೆ ಬೆರಳಿಗೆ ಫೋನ್ ಕೆಲಸ ಮಾಡುವುದಿಲ್ಲ ಅಂತ ಅವರ ತಕರಾರು, ಹಾಗಾಗಿ ಚೀಲವೇ ಮೇಲು.

ಒಪ್ಪಿಗೆಯಾಗದ ಒಂದು ವಿಷಯ

ಕಾಲು ತೋರಿಸಿದ ವಿಷಯದಲ್ಲಿ ನನಗೂ ಟೈಲರಕ್ಕನಿಗೂ ಇವತ್ತಿನವರೆಗೂ ಒಮ್ಮತ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಕಲಂ ಇದೆ. ಸಾರ್ವಜನಿಕರ ಎದುರು, ಅವಮಾನ ಮಾಡುವ ಉದ್ದೇಶದಿಂದ ಬೇಕೆಂದೇ ಅಂಗವಿಕಲರನ್ನು ಹೀಯಾಳಿಸಿದರೆ ಆರು ತಿಂಗಳಿಗೆ ಕಡಿಮೆ ಇಲ್ಲದ, ಐದು ವರ್ಷದವರೆಗಿನ ಜೈಲು. ಇಲ್ಲಿ ಉದ್ದೇಶ ಇತ್ತು ಅಂತ ನಾನೂ ಹೇಳಲಾರೆ. ಆದರೆ ಅಂಗವಿಕಲರ ರಾಜ್ಯ ಆಯುಕ್ತರಿಗೆ ಒಂದು ದೂರು ಕೊಡುವ ಅಂದೆ. ಯಾರಿಗೂ ಶಿಕ್ಷೆ ಆಗಬೇಕು ಅಂತಲ್ಲ, ಇನ್ನೊಬ್ಬರಿಗೆ ಹೀಗಾಗಬಾರದು ಅಂತ ದಾಖಲೆಯಲ್ಲಿ ಉಳಿಯಲಿ ಅಂತ.

"ಬೇಡ," ಅಂದರು. "ಆ ಹುಡುಗ ಗಾಡಿ ಎತ್ತಲು ಬಂದ ಅಲ್ವಾ. ಅವನಿಗೂ ಮನೆಯಲ್ಲಿ ಅಮ್ಮ ಇರಬಹುದು. ಮತ್ತೆ ನಾಳೆಯೂ ನಾನು ಅದೇ ರಸ್ತೆಯಲ್ಲಿ ಹೋಗಬೇಕಲ್ಲ ಮಾರಾಯ್ರೆ."

ಕೊನೆಯ ಮಾತು ನನಗೆ ಸರಿ ಕಾಣಲಿಲ್ಲ. ಹೆದರಿಕೆಯಿಂದ ಬಂದ ಕ್ಷಮೆಯನ್ನು ಪೂರ್ತಿ ಕ್ಷಮೆ ಅಂತ ನಾನು ಒಪ್ಪಲಾರೆ. ಆದರೆ ಅವಮಾನ ಆದದ್ದು ಅವರಿಗೆ. ದೂರು ಕೊಡುವುದು ಬಿಡುವುದು ಅವರ ಹಕ್ಕು. ನಾನು ಸುಮ್ಮನಾದೆ.

ನನ್ನ ಹೆಸರಿನಲ್ಲಿ, ಯಾರ ಮೇಲೂ ದೂರಿಲ್ಲದೆ, ಹಿರಿಯ ಅಧಿಕಾರಿಯೊಬ್ಬರಿಗೆ ಒಂದು ಪತ್ರ ಬರೆದೆ. ಮೂರೇ ಮಾತು. ಸೈಡ್ ವೀಲ್ ಗಾಡಿಯನ್ನು ಅಂಚಿಗೆ ಇಳಿಸಲು ಹೇಳಬೇಡಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಓಡಿಸುವವರನ್ನು ಇಳಿಯಿರಿ ಅನ್ನಬೇಡಿ, ನೀವೇ ಹತ್ತಿರ ಹೋಗಿ. ಕಾಲು ನೋಡಬೇಡಿ, ಕಾಗದ ನೋಡಿ. ಉತ್ತರ ಬಂದಿಲ್ಲ. ಹೊಸ ಅಧಿಕಾರಿ ಬಂದಾಗ ಮತ್ತೆ ಕಳುಹಿಸುತ್ತೇನೆ.

ಮಗ ಈಗ ಸೆಕೆಂಡ್‌ಹ್ಯಾಂಡ್ ಬೈಕ್ ತಗೊಂಡಿದ್ದಾನೆ, ಅಮ್ಮನ ಗಾಡಿ ಮುಟ್ಟುವುದಿಲ್ಲ. ಕಾಗದ ಸರಿಯಾದ ಮೇಲೆ ಟೈಲರಕ್ಕನನ್ನು ಇನ್ನೆರಡು ಸಲ ನಿಲ್ಲಿಸಿದ್ದಾರೆ. ಮೊದಲನೆಯ ಸಲ ಅವರು ರಸ್ತೆಯ ಮೇಲೆಯೇ, ಸಮತಟ್ಟಾದ ಕಡೆ ನಿಲ್ಲಿಸಿ, ಸೀಟಿನಲ್ಲೇ ಕೂತು, "ಸರ್, ನನಗೆ ಎಡಗಾಲಿನಲ್ಲಿ ಬಲ ಇಲ್ಲ, ಇಳಿಯಲು ಆಗುವುದಿಲ್ಲ, ಕಾಗದ ಇಲ್ಲಿ ಉಂಟು," ಅಂತ ಚೀಲದ ಮುಚ್ಚಳ ತೆರೆದರು. ಹೆಂಗಸು ಪೊಲೀಸ್ ಒಬ್ಬರು ಬಂದು ಆರ್‌ಸಿ ಓದಿ ವಾಪಸು ಕೊಟ್ಟರು. ಎರಡನೆಯ ಸಲ ಅದೇ ಹಳೆಯ ಕಾನ್‌ಸ್ಟೆಬಲ್. ಕಾಗದ ಕೇಳಲೇ ಇಲ್ಲ. "ಚೀಲ ಚೊಲೊ ಹೊಲದೀರಿ ಅಕ್ಕಾರ," ಅಂದರಂತೆ.